ಪರರಿಟ್ಟ ಹೆಸರು

ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯವೂ, ಅದಕ್ಕೆ ಅಷ್ಟೇನೂ ದೂರವಲ್ಲದ, 1904ರ ಹಡ್ಸನ್ ಸ್ಮಾರಕ ದೇವಾಲಯವೂ ಕನ್ನಡದಲ್ಲಿಯೇ ಪ್ರಾರ್ಥಿಸಿ, ಕನ್ನಡದಲ್ಲಿಯೇ ಕೀರ್ತಿಸಿ ಬಂದ ಸಭೆಗಳಾಗಿದ್ದರೂ, ಮೊದಲನೆಯದಕ್ಕೆ ಲಂಡನ್ ಮಿಷನ್ನಿನವರದೆಂದೂ ಎರಡನೆಯದಕ್ಕೆ ವೆಸ್ಲಿಯನ್ನರದೆಂದೂ ಅಂಟಿದ ಹೆಸರು, 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆಯಾಗಿ, ಈ ಎರಡೂ ಅದರ ಅಂಗಗಳಾದ ಮೇಲೂ ಜನರ ನಾಲಗೆಯಿಂದ ಬೇಗನೆ ಅಳಿಯಲಿಲ್ಲ.

ಕ್ರೈಸ್ತ ಪಂಗಡಗಳ ಹೆಸರುಗಳಲ್ಲಿ ಅನೇಕವು ಅನ್ಯರು ಇಟ್ಟವೇ. ವೆಸ್ಲಿ ಸೋದರರ ಸಂಗಾತಿಗಳ ನಿಯಮನಿಷ್ಠೆಯನ್ನು ಕಂಡು ಆಕ್ಸ್‌ಫರ್ಡಿನಲ್ಲಿ ಹಾಸ್ಯಕ್ಕೆಂದು ಆಡಿದ ಮೆಥಡಿಸ್ಟ್ ಎಂಬ ಮಾತನ್ನು ಅವರ ಅನುಯಾಯಿಗಳು ಅಭಿಮಾನದಿಂದಲೇ ಧರಿಸಿದರು. ಲೂಥರನಾದರೋ ತನ್ನ ಹೆಸರಿನಿಂದ ಯಾರೂ ಕರೆದುಕೊಳ್ಳಬಾರದೆಂದು ಬೇಡಿದನು. ಆ ಬೇಡಿಕೆ ಫಲಿಸಲಿಲ್ಲ. ನೆಸ್ಟೋರಿಯನ್ ಎಂಬ ಹೆಸರನ್ನು ಪೂರ್ವದ ಸಭೆಯವರು ಇಂದಿಗೂ ಒಪ್ಪರು. ಏಕೆಂದರೆ ಅದು ಪಾಷಂಡಿಗಳೆಂಬ ತೀರ್ಪನ್ನು ತನ್ನೊಳಗೇ ಹೊತ್ತಿದೆ.

ಇವೆಲ್ಲ ಮನೆಯೊಳಗಿನ ವ್ಯಾಜ್ಯಗಳು. ಆದರೆ ಮನೆಯವನನ್ನೇ ಹೊರಗಿನವನೆನ್ನುವ ಹೆಸರಿನ ನೋವು ಬೇರೆ ಜಾತಿಯದು. ಹದಿನೇಳನೆಯ ಶತಮಾನದ ಮಧುರೆಯಲ್ಲಿ ರಾಬರ್ಟೊ ಡಿ ನೊಬಿಲಿಯು ತನ್ನನ್ನು ಪರಂಗಿಯೆನ್ನಬಾರದೆಂದು ಪಟ್ಟು ಹಿಡಿದು, ಕಾವಿಯುಟ್ಟು, ಸಂಸ್ಕೃತ ಕಲಿತನು. ಅವನು ನಿಜವಾಗಿಯೂ ಪರದೇಶದವನು. ತಲೆಮಾರುಗಳಿಂದ ಇದೇ ಮಣ್ಣಿನಲ್ಲಿ ಹುಟ್ಟಿ ಇದೇ ಮಣ್ಣಿಗೆ ಸೇರಿದವರ ಮಕ್ಕಳಿಗೆ ಆ ಮಾತು ಹೇಗೆ ಸಲ್ಲುವುದು? ಬಸವನಗುಡಿಯಲ್ಲಿಯೋ ಮಲ್ಲೇಶ್ವರದಲ್ಲಿಯೋ ನೆರೆಯಲ್ಲಿಯೇ ಬಾಳುವ ಕುಟುಂಬವನ್ನು, ಅದರ ಮನೆಮಾತು ಕನ್ನಡವೆಂದು ಬಲ್ಲವರೂ, 'ನಿಮ್ಮದು ಕನ್ನಡವೇ?' ಎಂದು ವಿಸ್ಮಯದಿಂದ ಕೇಳುವಾಗ, ಕೇಳಿದವರಿಗೆ ದುರುದ್ದೇಶವಿಲ್ಲದಿದ್ದರೂ ಕೇಳಿಸಿಕೊಂಡವರಿಗೆ ಅದು ನಾಟುತ್ತದೆ.

ಉತ್ತಂಗಿ ಚನ್ನಪ್ಪನವರನ್ನು ಇಲ್ಲಿ ನೆನೆಯಲೇಬೇಕು. ಬಾಸೆಲ್ ಮಿಷನ್ನಿನ ಬೋಧಕರಾಗಿದ್ದ ಅವರು, ಹಳ್ಳಿ ಹಳ್ಳಿ ತಿರುಗಿ ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ತಮ್ಮ ಧರ್ಮವನ್ನು ಬಿಡದೆಯೂ ಮರೆಮಾಚದೆಯೂ ಶರಣಸಾಹಿತ್ಯದಲ್ಲಿ ಮುಳುಗಿದರು. ಪಾದ್ರಿ ಎಂಬ ಹೆಸರು ಲೋಕ ಕೊಟ್ಟದ್ದು. 'ತಿರುಳ್ಗನ್ನಡದ ತಿರುಕ' ಎಂಬುದು ಅವರೇ ಮೆಚ್ಚಿ ಇಟ್ಟುಕೊಂಡದ್ದು. ಚಾಮರಾಜಪೇಟೆಯಲ್ಲಿ ನೆಲೆಗೊಂಡಿರುವ ಕನ್ನಡ ಸಾಹಿತ್ಯ ಪರಿಷತ್ತಿನ 1949ರ ಕಲಬುರಗಿ ಸಮ್ಮೇಳನದಲ್ಲಿ ಅಧ್ಯಕ್ಷಪೀಠವನ್ನೇರಿದವರು ಈ ತಿರುಕರೇ.