ಕಾರ್ಕಳದಿಂದ ದೆಹಲಿಯವರೆಗೆ: ಎಂ. ವೀರಪ್ಪ ಮೊಯಿಲಿ

ಕಾರ್ಕಳವೆಂದೊಡನೆ ಬಂಡೆಯ ಮೇಲೆ ನಿಂತ ಗೊಮ್ಮಟನ ಮೂರ್ತಿ ನಮ್ಮ ಕಣ್ಣಮುಂದೆ ಬರುತ್ತದೆ. ರಾಜ್ಯದ ರಾಜಕಾರಣವನ್ನು ಬಲ್ಲವರಿಗೆ ಅದರೊಡನೆ ಇನ್ನೊಂದು ಹೆಸರೂ ನೆನಪಾಗುವುದುಂಟು, ಅದು ಎಂ. ವೀರಪ್ಪ ಮೊಯಿಲಿಯವರದು.

1940ರ ಜನವರಿ 12ರಂದು ಮೂಡುಬಿದಿರೆಯ ಮಾರ್ಪಾಡಿಯಲ್ಲಿ ಜನಿಸಿದ ಇವರದು ದೇವಾಡಿಗ ಸಮುದಾಯ. ದೇವಾಲಯಗಳಲ್ಲಿ ವಾದ್ಯ ನುಡಿಸುವುದು ಈ ಸಮುದಾಯದ ಪರಂಪರೆಯ ಕಾಯಕ. ಜಾತಿಯ ಸಂಖ್ಯಾಬಲವನ್ನೂ ಭೂಮಿಯ ಬಲವನ್ನೂ ಲೆಕ್ಕವಿಟ್ಟು ಟಿಕೆಟು ಹಂಚುವ ನಮ್ಮ ನಾಡಿನಲ್ಲಿ ಇಂಥ ಮನೆಯ ತರುಣನೊಬ್ಬ ವಕೀಲನಾಗಿ, 1972ರಲ್ಲಿ ಕಾರ್ಕಳದ ಶಾಸಕನಾದುದು ಸಣ್ಣ ಮಾತಲ್ಲ. ಅದು ದೇವರಾಜ ಅರಸರ ಕಾಲ. 1974ರ ಭೂಸುಧಾರಣೆಯಿಂದ ಕರಾವಳಿಯ ಚಾಲಗೇಣಿ ಒಕ್ಕಲುಗಳು ತಾವು ಉಳುತ್ತಿದ್ದ ಗದ್ದೆಗೆ ತಾವೇ ಒಡೆಯರಾಗತೊಡಗಿದ್ದರು. ಆ ಗಾಳಿಯೇ ಅನೇಕ ಹೊಸಬರನ್ನು ವಿಧಾನಸೌಧಕ್ಕೆ ತಂದಿತು. ಬಂದವರಲ್ಲಿ ಬಹುಕಾಲ ನಿಂತವರು ಕೆಲವರೇ.

ಮೊಯಿಲಿಯವರು ನಿಂತರು. 1972, 1978, 1983, 1985, 1989, 1994 – ಆರು ಬಾರಿ ಕಾರ್ಕಳ ಅವರನ್ನೇ ಆರಿಸಿತು. ನೆರೆಯ ಉಡುಪಿಯ ಆಸ್ಕರ್ ಫರ್ನಾಂಡಿಸರು ಪುರಸಭೆಯಿಂದ ಹೊರಟು 1980ರಲ್ಲಿ ನೇರವಾಗಿ ಲೋಕಸಭೆಗೆ ನಡೆದರು. ಮೊಯಿಲಿಯವರದಾದರೋ ಮೆಟ್ಟಿಲು ಮೆಟ್ಟಿಲಾಗಿ ಏರಿದ ದಾರಿ. ಸಣ್ಣ ಕೈಗಾರಿಕೆ, ಹಣಕಾಸು, ವಿರೋಧ ಪಕ್ಷದ ನಾಯಕತ್ವ, ಕಾನೂನು, ಶಿಕ್ಷಣ, ಕೊನೆಗೆ 1992ರ ನವೆಂಬರಿನಲ್ಲಿ ಮುಖ್ಯಮಂತ್ರಿ ಪದವಿ. ತುಳುನಾಡಿನವರೊಬ್ಬರು ಆ ಪೀಠವನ್ನೇರಿದ್ದು ಅದೇ ಮೊದಲು.

ಆ ಎರಡು ವರ್ಷಗಳ ಆಳ್ವಿಕೆಯಲ್ಲಿ ನಮ್ಮ ಓದುಗರ ಮನೆಗಳನ್ನು ನೇರವಾಗಿ ಮುಟ್ಟಿದ ಕೆಲಸವೊಂದಿದೆ. ಕಾರ್ಕಳದಿಂದ ಒಂದು ತಾಸಿನ ಬಸ್ ದಾರಿಯ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜನ್ನು ತೆರೆದರು. ಸರ್ಕಾರದ ಕೈ ನೋಡದೆ ಗುಡ್ಡದ ಮೇಲೆ ವಿದ್ಯಾನಗರವೊಂದನ್ನು ಕಟ್ಟಿದ ಆ ಸಾಹಸವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮುಂದೆ ರಾಜ್ಯದುದ್ದಕ್ಕೂ ಇಂಥ ಕಾಲೇಜುಗಳು ಹೆಚ್ಚಿದಂತೆ ಡೊನೇಷನ್ ಎಂಬ ಮಾತು ಮಧ್ಯಮ ವರ್ಗದ ಮನೆಗಳ ನಿದ್ದೆಗೆಡಿಸಿತು. 1984ರಲ್ಲಿಯೇ ಅದನ್ನು ನಿಷೇಧಿಸುವ ಕಾಯಿದೆ ಬಂದಿತಾದರೂ ಹೊಲ ಮಾರಿ ಸೀಟು ಕೊಳ್ಳುವುದು ತಪ್ಪಲಿಲ್ಲ. 1993ರಲ್ಲಿ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅರ್ಹತೆಯ ಮೇಲೆಯೇ ಸೀಟು ಹಂಚಬೇಕೆಂದಿತು. ಮರುವರ್ಷ ಮೊಯಿಲಿ ಸರ್ಕಾರ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು, ಎಂದರೆ ಇಂದು ಮನೆಮಾತಾಗಿರುವ ಸಿಇಟಿಯನ್ನು, ಜಾರಿಗೆ ತಂದಿತು. ದಾರಿ ತೋರಿದ್ದು ನ್ಯಾಯಾಲಯವೆಂಬುದು ನಿಜ. ಆದರೆ ಖಾಸಗಿ ಕಾಲೇಜುಗಳ ಪ್ರಭಾವ ಬಲವಾಗಿದ್ದ ರಾಜ್ಯದಲ್ಲಿ ಆ ದಾರಿಯಲ್ಲಿ ನಡೆಯುವುದಕ್ಕೂ ಎದೆಗಾರಿಕೆ ಬೇಕಿತ್ತು. ಮಠಗಳು ನಡೆಸುವ ಕಾಲೇಜುಗಳಿಗೂ ಇದು ಹಿತವಾಗಿರಲಿಲ್ಲವೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಐವತ್ತರ ಆಸುಪಾಸಿನಲ್ಲಿರುವ ಎಷ್ಟೋ ವೈದ್ಯರು, ಎಂಜಿನಿಯರುಗಳು ಆ ಮೊದಲ ರ‍್ಯಾಂಕ್ ಪಟ್ಟಿಗಳಿಂದ ಬಂದವರು. 2002ರಲ್ಲಿ ಉನ್ನಿಕೃಷ್ಣನ್ ವ್ಯವಸ್ಥೆಯನ್ನು ತಳ್ಳಿಹಾಕಿದ ತೀರ್ಪು ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ! ಬಳಿಕ ಖಾಸಗಿ ಕಾಲೇಜುಗಳು ಕಾಮೆಡ್-ಕೆ ಎಂಬ ತಮ್ಮದೇ ಪರೀಕ್ಷೆಯನ್ನು ಆರಂಭಿಸಿದವು. ಸಿಇಟಿ ಮಾತ್ರ ಉಳಿಯಿತು.

ಸಿಇಟಿ ತಂದ ವರ್ಷವೇ ಮತದಾರರು ಕಾಂಗ್ರೆಸ್ಸನ್ನು 34 ಸ್ಥಾನಗಳಿಗೆ ಇಳಿಸಿದರು. ಕಾರ್ಕಳ ಆಗಲೂ ಕೈಬಿಡಲಿಲ್ಲ. ಆದರೆ ಲೋಕಸಭೆಯ ಮಾತು ಬಂದಾಗ ಕರಾವಳಿಯ ಒಲವು ಬೇರೆಯಾಗಿತ್ತು. 2004ರಲ್ಲಿ ಮಂಗಳೂರಿನಲ್ಲಿ ಡಿ.ವಿ. ಸದಾನಂದ ಗೌಡರೆದುರು ಅವರು ಸೋತರು. ಸೋತವರನ್ನು ದೆಹಲಿ ಕರೆಯಿತು. 2005ರಲ್ಲಿ ಎರಡನೆಯ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷತೆ. ಆ ಆಯೋಗ ಸಲ್ಲಿಸಿದ ವರದಿಗಳು 15. ಕೇಂದ್ರದ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಹಿಂದುಳಿದವರಿಗೆ ಶೇ. 27 ಮೀಸಲಾತಿಯನ್ನು ಹೇಗೆ ಜಾರಿಗೊಳಿಸಬೇಕೆಂದು ನೋಡಿದ ಸಮಿತಿಗೂ ಅವರೇ ಅಧ್ಯಕ್ಷರು. ಈ ಗದ್ದಲಗಳ ನಡುವೆಯೇ ‘ಶ್ರೀ ರಾಮಾಯಣ ಮಹಾನ್ವೇಷಣಂ’ ಎಂಬ ಮಹಾಕಾವ್ಯವನ್ನು ಬರೆದು ಸರಸ್ವತಿ ಸಮ್ಮಾನವನ್ನೂ ಪಡೆದರು.

2009ರಲ್ಲಿ ಅವರನ್ನು ಲೋಕಸಭೆಗೆ ಕಳುಹಿಸಿದ್ದು ಸಮುದ್ರವನ್ನೇ ಕಾಣದ ಚಿಕ್ಕಬಳ್ಳಾಪುರ. ಕಾನೂನು, ಕಂಪನಿ ವ್ಯವಹಾರ, ಪೆಟ್ರೋಲಿಯಂ ಖಾತೆಗಳು ಒಂದರ ಹಿಂದೊಂದು ಬಂದವು. ತುಂಬಿ ಹರಿಯುವ ನದಿಯಿಲ್ಲದ, ಕೊಳವೆಬಾವಿಯಲ್ಲಿ ಫ್ಲೋರೈಡ್ ನೀರು ಬರುವ ಆ ನಾಡು ಕೇಳಿದ್ದು ಒಂದೇ: ಕುಡಿಯುವ ನೀರು. ನೇತ್ರಾವತಿ ಕೊಳ್ಳಕ್ಕೆ ಸೇರಿದ ಎತ್ತಿನಹೊಳೆಯಿಂದ 24 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಗೆ ಮೊಯಿಲಿಯವರು ಪಟ್ಟು ಹಿಡಿದು ನಿಂತರು. ದಕ್ಷಿಣ ಕನ್ನಡದಲ್ಲಿ ಬಂದ್ ನಡೆಯಿತು, ಮೆರವಣಿಗೆಗಳಾದವು. ಹೆತ್ತ ನಾಡಿಗೆ ದ್ರೋಹವೆಂಬ ಮಾತೂ ಕೇಳಿಬಂತು. ಘಟ್ಟದ ಕಾಡಿನ ಬಗ್ಗೆ ಕರಾವಳಿಯವರ ಆತಂಕ ಹುರುಳಿಲ್ಲದ್ದೆಂದು ನಮಗೆ ತೋರುವುದಿಲ್ಲ. ಹಾಗೆಯೇ, ಮತ ಕೊಟ್ಟವರ ಬಾಯಾರಿಕೆಯನ್ನು ಪ್ರತಿನಿಧಿ ಕೇಳದಿರುವುದಾದರೂ ಹೇಗೆ?

2014ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾಯಿತು. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಬಳಿ ಮೊದಲ ಹಂತದ ಪಂಪುಗಳು ತಿರುಗಿದವು. ಆ ಹೊತ್ತಿಗೆ ಮೊಯಿಲಿಯವರು ಚಿಕ್ಕಬಳ್ಳಾಪುರದಲ್ಲಿಯೂ ಸೋತು ಐದು ವರ್ಷ ಕಳೆದಿತ್ತು.