ಬ್ರಹ್ಮಕಮಲವೆಂಬ ಕುಂಡದ ಕಳ್ಳಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಕಳ್ಳಿಯೆಂದರೆ ಹೊಲದ ಬೇಲಿ. ಮುರಿದರೆ ಹಾಲು ಸುರಿಸುವ ಒರಟು ಗಿಡ. ಅದೇ ಸೀಮೆಯ ಮನೆಯಂಗಳದ ಕುಂಡದಲ್ಲಿ ಬ್ರಹ್ಮಕಮಲವು ಅರಳುವ ರಾತ್ರಿ ನೆರೆಹೊರೆಯವರೆಲ್ಲ ನೋಡಲು ಕೂಡುವರು. ಆರತಿ ಎತ್ತುವವರೂ ಉಂಟು. ಇದೂ ಒಂದು ಬಗೆಯ ಕಳ್ಳಿಯೆಂದರೆ ಕೆಲವರಿಗೆ ಆಶ್ಚರ್ಯವಾದೀತು.

ಮೊದಲು ಹೆಸರುಗಳ ತೊಡಕನ್ನು ಬಿಡಿಸಿಕೊಳ್ಳೋಣ. ಬೇಲಿಯ ಹಾಲುಗಳ್ಳಿಯು ಯೂಫೋರ್ಬಿಯಾ ಕುಲದ್ದು. ಹಿಮಾಲಯದ ನಿಜವಾದ ಬ್ರಹ್ಮಕಮಲವು ಸೂರ್ಯಕಾಂತಿಯ ಬಳಗಕ್ಕೆ ಸೇರಿದ್ದು. ಅದು ನಮ್ಮ ಬಯಲುಸೀಮೆಯಲ್ಲಿ ಬದುಕಲಾರದು. ನಮ್ಮ ಕುಂಡದಲ್ಲಿರುವುದು ಎಪಿಫೈಲಮ್ ಆಕ್ಸಿಪೆಟಲಮ್ ಎಂಬ ಕ್ಯಾಕ್ಟಸ್. ಕ್ಯಾಕ್ಟಸ್ ಕುಟುಂಬದ ಹೆಚ್ಚುಕಡಿಮೆ ಎಲ್ಲ ಗಿಡಗಳಂತೆ ಇದರ ತವರೂ ಅಮೆರಿಕ ಖಂಡವೇ.

ಆದರೆ ಆ ತವರು ಮರುಭೂಮಿಯಲ್ಲ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ತೇವವುಳ್ಳ ಕಾಡುಗಳಲ್ಲಿ ಈ ಗಿಡವು ಮರದ ಕವಲುಗಳ ಮೇಲೆ, ಕೊಳೆತ ಎಲೆಯ ಹುಡಿಯಲ್ಲಿ ಬೇರಿಟ್ಟು, ಎಲೆಗಳ ನಡುವೆ ಸೋಸಿ ಬರುವ ಬೆಳಕಿನಲ್ಲಿ ಬೆಳೆಯುತ್ತದೆ. ಆರೈಕೆಯ ಸೂತ್ರವೆಲ್ಲ ಇದರಲ್ಲಿಯೇ ಅಡಗಿದೆ. ಕಳ್ಳಿಯಲ್ಲವೆ ಎಂದು ಮಾಳಿಗೆಯ ಬಿಸಿಲಿಗಿಟ್ಟರೆ ನಮ್ಮ ಬೇಸಗೆಯಲ್ಲಿ ಗಿಡವು ಹಳದಿಯಾಗಿ ಸುಟ್ಟುಹೋಗುವುದು. ಅಕ್ಕರೆಯಿಂದ ದಿನವೂ ನೀರೆರೆದರೆ ಬೇರು ಕೊಳೆಯುವುದು. ಬೆಳಗಿನ ಎಳೆಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಹಿತ. ಎರೆಮಣ್ಣು ನೀರನ್ನು ಹಿಡಿದಿಟ್ಟು, ಒಣಗಿದಾಗ ಬಿರಿಯುವುದರಿಂದ ಕುಂಡಕ್ಕೆ ಒಗ್ಗದು. ಮಸಾರಿ ಮಣ್ಣು, ದಪ್ಪ ಮರಳು, ಎಲೆಗೊಬ್ಬರ ಇವುಗಳನ್ನು ಬೆರೆಸಿ, ತಳದಲ್ಲಿ ತೂತುಳ್ಳ ಕುಂಡಕ್ಕೆ ತುಂಬಬೇಕು. ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ತೋರಿದಾಗ ಮಾತ್ರ ನೀರು ಹನಿಸಬೇಕು.

ಇನ್ನು ಹೂವಿನ ವಿಚಾರ. ನಾವು ಎಲೆಯೆಂದು ಕರೆಯುವುದು ವಾಸ್ತವವಾಗಿ ಚಪ್ಪಟೆಯಾದ ಕಾಂಡ. ಅದರ ಅಂಚಿನ ಕಚ್ಚುಗಳಲ್ಲಿರುವ ಕಣ್ಣುಗಳಿಂದಲೇ ಮೊಗ್ಗು ಹೊರಡುತ್ತದೆ. ಆದಕಾರಣ ಬಲಿತ ಕಾಂಡಗಳನ್ನು ಅಂದಕ್ಕಾಗಿ ಕತ್ತರಿಸುವವರು ಹೂವನ್ನೇ ಕತ್ತರಿಸಿದಂತಾಗುತ್ತದೆ. ಕಡುನೆರಳು, ಅತಿಯಾದ ಗೊಬ್ಬರ, ಅಳತೆ ಮೀರಿದ ದೊಡ್ಡ ಕುಂಡ ಇವು ಕಾಂಡವನ್ನು ಬೆಳೆಸುವುವೇ ಹೊರತು ಹೂವನ್ನು ತರಲಾರವು. ಕಡ್ಡಿಯಿಂದ ಬೆಳೆಸಿದ ಗಿಡಕ್ಕೆ ಎರಡು ಮೂರು ವರ್ಷ ಕಾಯುವ ತಾಳ್ಮೆಯೂ ಬೇಕು. ಮೊಗ್ಗು ಮೂಡಿದ ಮೇಲೆ ಕುಂಡವನ್ನು ಅತ್ತಿತ್ತ ಸರಿಸಬಾರದು. ಮೊಗ್ಗು ಉದುರುವ ಸಂಭವವುಂಟು.

ಜೋತುಬಿದ್ದ ಮೊಗ್ಗಿನ ಕೊರಳು ಮೇಲಕ್ಕೆ ಬಾಗಿ, ಮೊಗ್ಗು ಉಬ್ಬಿತೆಂದರೆ ಮುಹೂರ್ತ ಸಮೀಪಿಸಿತೆಂದು ತಿಳಿಯಬಹುದು. ಕತ್ತಲಾದ ಮೇಲೆ ಬಿರಿಯತೊಡಗಿ, ನಡುರಾತ್ರಿಯ ಹೊತ್ತಿಗೆ ಪೂರ್ಣವಾಗಿ ಅರಳಿ, ಬೆಳಗಾಗುವುದರೊಳಗೆ ಹೂವು ಬಾಡುತ್ತದೆ. ರಾತ್ರಿಯೇ ಏಕೆ? ತವರಿನಲ್ಲಿ ಇದರ ಪರಾಗವನ್ನು ಸಾಗಿಸುವವು ಇರುಳಿನಲ್ಲಿ ಹಾರುವ ದೊಡ್ಡ ಪತಂಗಗಳು. ಬಿಳುಪೂ ಕಂಪೂ ಕತ್ತಲಲ್ಲಿ ಅವುಗಳಿಗೆ ದಾರಿ ತೋರುವ ಗುರುತುಗಳು.

ಹನ್ನೆರಡು ವರ್ಷಕ್ಕೊಮ್ಮೆ ಅರಳುವುದೆಂಬ ನಂಬಿಕೆಗೆ ಆಧಾರವಿಲ್ಲ. ಚೆನ್ನಾಗಿ ಬಲಿತ ಗಿಡವು ಒಂದೇ ಋತುವಿನಲ್ಲಿ ಹಲವು ಸಲ ಹೂ ಬಿಡಬಲ್ಲುದು. ನಂಬಿಕೆ ಸಡಿಲವಾದ ಮಾತ್ರಕ್ಕೆ ಹೂವಿನ ಚೆಲುವು ಕುಂದದು. ಹೂವು ಮುಗಿದ ಮೇಲೆ ಬಲಿತ ಕಾಂಡದ ಒಂದು ತುಂಡನ್ನು ಕೆಲವು ದಿನ ನೆರಳಿನಲ್ಲಿಟ್ಟು, ಗಾಯ ಒಣಗಿದ ಬಳಿಕ ನೆಟ್ಟರೆ ಬೇರೊಡೆಯುವುದು. ನೋಡಲು ಬಂದ ನೆರೆಯವರಿಗೆ ಅಂತಹ ತುಂಡೊಂದನ್ನು ಕೊಟ್ಟು ಕಳುಹಿಸುವುದು ಒಳ್ಳೆಯದು. ಒಂದು ಮನೆಯ ಗಿಡ ಬೇಸಗೆಯಲ್ಲಿ ಸತ್ತರೂ ಇನ್ನೊಂದು ಮನೆಯಲ್ಲಿ ಅದರ ಸಂತತಿ ಉಳಿದಿರುತ್ತದೆ.