ವಿಮಾನದಲ್ಲಿ ಮೊಬೈಲು

ಕಾರಣ ಕಣ್ಣಿಗೆ ಕಾಣುವಂಥ ನಿಯಮವನ್ನು ಜನ ಸುಲಭವಾಗಿ ಒಪ್ಪುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಬೀಡಿ ಹಚ್ಚಬಾರದೆಂದರೆ ಏಕೆಂದು ಕೇಳುವವರಿಲ್ಲ. ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಬಾರದೆಂಬ ಬರಹಕ್ಕೂ ವಿವರಣೆ ಬೇಕಾಗಿಲ್ಲ. ಆದರೆ ಕಾರಣ ಕಣ್ಣಿಗೆ ಕಾಣದಿದ್ದಾಗ ಎರಡು ಬಗೆಯ ಜನ ಹುಟ್ಟಿಕೊಳ್ಳುತ್ತಾರೆ: ನಿಯಮವನ್ನು ಮಡಿ ಮೈಲಿಗೆಯಂತೆ ಅಂಜಿ ಪಾಲಿಸುವವರು ಕೆಲವರು, ಅದೆಲ್ಲ ಬರಿಯ ಬೆದರಿಕೆಯೆಂದು ನಕ್ಕು ಮೀರುವವರು ಕೆಲವರು. ವಿಮಾನದಲ್ಲಿ ಮೊಬೈಲ್ ಫೋನನ್ನು ಹೇಗೆ ಬಳಸಬೇಕೆಂಬ ನಿಯಮಕ್ಕೆ ಇಂದು ಇದೇ ಗತಿ ಬಂದಿದೆ.

ನಮ್ಮ ಹಾಸ್ಟೆಲಿನಲ್ಲಿಯೂ ಈ ವಿಷಯವಾಗಿ ಎರಡು ಪಕ್ಷಗಳುಂಟು. ಒಂದು ಫೋನನ್ನು ಮರೆತು ಹಾಗೆಯೇ ಬಿಟ್ಟರೂ ವಿಮಾನ ಉರುಳುತ್ತದೆಂಬುದು ಒಂದು ಪಕ್ಷ. ನೂರಾರು ಪ್ರಯಾಣಿಕರಲ್ಲಿ ಹತ್ತಾರು ಮಂದಿಯಾದರೂ ದಿನವೂ ಮರೆಯುತ್ತಾರೆ, ಆದರೂ ವಿಮಾನಗಳು ಕ್ಷೇಮವಾಗಿ ಇಳಿಯುತ್ತಿವೆ, ಆದಕಾರಣ ನಿಯಮವೇ ಸುಳ್ಳು ಎಂಬುದು ಇನ್ನೊಂದು ಪಕ್ಷ. ನಾನು ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿ. ವಿಜ್ಞಾನ ನನ್ನ ಪಾಠಪಟ್ಟಿಯಲ್ಲಿಲ್ಲ. ಆದರೂ ಈ ವಾದವನ್ನು ಕೇಳಿ ಕುತೂಹಲ ಹುಟ್ಟಿ, ದೊರೆತಷ್ಟನ್ನು ಓದಿ ತಿಳಿದದ್ದನ್ನು ಸಹಪಾಠಿಗಳ ಮತ್ತು ಗುರುಗಳ ಮುಂದೆ ಇಡುತ್ತಿದ್ದೇನೆ. ವಿಮಾನವೆಂಬುದು ಈಗ ಬೆಂಗಳೂರಿನವರ ಸೊತ್ತು ಮಾತ್ರವಲ್ಲ. 2019ರ ನವೆಂಬರಿನಲ್ಲಿ ಕಲಬುರಗಿಗೆ, 2023ರಲ್ಲಿ ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬಂದಿತು. ದುಡಿಮೆಗಾಗಿ ಮಂಗಳೂರಿನಿಂದ ಗಲ್ಫ್ ದೇಶಗಳಿಗೆ ಹೋಗಿ ಬರುವವರೂ ಬಹಳ ಮಂದಿ. ಮೊದಲ ಸಲ ವಿಮಾನ ಹತ್ತುವವರು ನಮ್ಮ ನಿಮ್ಮ ಮನೆಗಳಲ್ಲಿಯೇ ಇದ್ದಾರೆ. ಹೀಗಿರುವಾಗ ಈ ನಿಯಮದ ಒಳಗುಟ್ಟನ್ನು ತಿಳಿಯುವುದು ಎಲ್ಲರಿಗೂ ಉಪಯುಕ್ತ.

ಮೊದಲು ಅಲೆಯ ಮಾತು. ಈ ನಿಯಮ ಮೊಬೈಲ್ ಫೋನಿಗಿಂತ ಹಳೆಯದೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಪ್ರಯಾಣಿಕರು ಹಾರಾಟದ ವೇಳೆ ಎಫ್‌ಎಂ ರೇಡಿಯೋ ಹಾಕಬಾರದೆಂದು ಅಮೆರಿಕದ ವಿಮಾನಯಾನ ಇಲಾಖೆ 1961ರಲ್ಲಿಯೇ ವಿಧಿಸಿತು. ರೇಡಿಯೋ ಕೇಳುವ ಯಂತ್ರವಷ್ಟೆ. ಅದರಿಂದ ವಿಮಾನಕ್ಕೇನು ತೊಂದರೆ? ಒಂದು ನಿಲಯವನ್ನು ಹಿಡಿಯಲು ಎಫ್‌ಎಂ ರೇಡಿಯೋ ತನ್ನೊಳಗೆ ತಾನೇ ಒಂದು ಸಣ್ಣ ಅಲೆಯನ್ನು ಹುಟ್ಟಿಸಿಕೊಳ್ಳುತ್ತದೆ. ಅದರ ಕಂಪನಾಂಕ ಸಾಮಾನ್ಯವಾಗಿ ನಿಲಯದ ಕಂಪನಾಂಕಕ್ಕಿಂತ 10.7 ಮೆಗಾಹರ್ಟ್ಸ್ ಹೆಚ್ಚು. ಬೆಂಗಳೂರು ಆಕಾಶವಾಣಿಯ 101.3 ಮೆಗಾಹರ್ಟ್ಸಿನ ನಿಲಯಕ್ಕೆ ತಿರುಗಿಸಿದರೆ ರೇಡಿಯೋದೊಳಗಿನ ಅಲೆ 112 ಮೆಗಾಹರ್ಟ್ಸ್ ಆಗುತ್ತದೆ. ಇತ್ತ ವಿಮಾನಕ್ಕೆ ದಿಕ್ಕು ತೋರಿಸುವ ನೆಲದ ಕೇಂದ್ರಗಳು ಬಳಸುವುದು 108ರಿಂದ 118 ಮೆಗಾಹರ್ಟ್ಸಿನ ಪಟ್ಟಿಯನ್ನು. ಎಂದರೆ, ಕೇಳುವ ಯಂತ್ರವೂ ತನಗೆ ತಿಳಿಯದೆ ಪೈಲಟನ ಕಿವಿಯ ಬಳಿ ಪಿಸುಗುಟ್ಟುತ್ತಿತ್ತು!

ರೇಡಿಯೋ ಪಿಸುಗುಟ್ಟಿದರೆ ಮೊಬೈಲು ಕೂಗುತ್ತದೆ. ಅದು ಅಲೆಯನ್ನು ಹೊರಕ್ಕೆ ಕಳಿಸಲೆಂದೇ ಹುಟ್ಟಿದ ಯಂತ್ರ. ಹಳೆಯ ಬಗೆಯ ಫೋನನ್ನು ಸಭೆಯಲ್ಲಿ ಧ್ವನಿವರ್ಧಕದ ಹತ್ತಿರ ಇಟ್ಟಾಗ, ಕರೆ ಬರುವ ಮುನ್ನ ಅದರಿಂದ ಟರ್ ಟರ್ ಎಂಬ ಸದ್ದು ಬರುವುದನ್ನು ಬಹುಮಂದಿ ಕೇಳಿದ್ದೇವೆ. ಅದಕ್ಕೆ ಕಾರಣ ಫೋನು ಸೆಕೆಂಡಿಗೆ 217 ಸಲ ತುಂಡುತುಂಡಾಗಿ ಅಲೆಯನ್ನು ಕಳಿಸುವುದು. ಟವರು ಹತ್ತಿರವಿದ್ದರೆ ಫೋನು ಮೆಲ್ಲನೆ ಮಾತಾಡುತ್ತದೆ. ದೂರವಾದರೆ, ಕಿವಿ ಮಂದವಾದ ಅಜ್ಜನೊಡನೆ ಮಾತಾಡುವ ಮೊಮ್ಮಗನಂತೆ ದನಿ ಏರಿಸುತ್ತದೆ. ನೆಲದಿಂದ ಮೈಲುಗಟ್ಟಲೆ ಮೇಲೆ, ಲೋಹದ ಗೋಡೆಗಳ ನಡುವೆ ಸಿಕ್ಕಿದ ಫೋನು ಟವರನ್ನು ಹುಡುಕುತ್ತಾ ತನ್ನ ಶಕ್ತಿಯನ್ನೆಲ್ಲ ವ್ಯಯಿಸುತ್ತದೆ. ಆ ಗದ್ದಲ ಪೈಲಟನ ಕಿವಿಗೂ ಬೀಳುವುದುಂಟು. ನೆಲದವರು ಹೇಳಿದ ಎತ್ತರದ ಅಂಕಿಯೊಂದು ಆ ಗದ್ದಲದಲ್ಲಿ ಅಸ್ಪಷ್ಟವಾದರೆ ಅದು ತಮಾಷೆಯ ಸಂಗತಿಯಲ್ಲ.

ಇದು ಕೇವಲ ಊಹೆಯೇ ಎಂದರೆ, ಪೂರ್ತಿ ಊಹೆಯೂ ಅಲ್ಲ, ಪೂರ್ತಿ ಸಿದ್ಧವಾದುದೂ ಅಲ್ಲ. 2003ರ ಜೂನ್ 6ರ ರಾತ್ರಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಿಲ್ದಾಣದ ಹತ್ತಿರ, ಮಂಜಿನಲ್ಲಿ ಇಳಿಯುತ್ತಿದ್ದ ಹತ್ತು ಜನರ ಚಿಕ್ಕ ವಿಮಾನವೊಂದು ಓಡುದಾರಿಯನ್ನು ಮುಟ್ಟುವ ಮೊದಲೇ ನೆಲಕ್ಕೆ ಬಡಿದು ಎಂಟು ಮಂದಿ ಸತ್ತರು. ತನಿಖೆ ನಡೆದಾಗ, ಕೊನೆಯ ಮೂರು ನಿಮಿಷಗಳ ಕಾಲ ಪೈಲಟನದೇ ಮೊಬೈಲು ಕರೆಯಲ್ಲಿತ್ತೆಂಬುದು ಹೊರಬಿದ್ದಿತು. ಇಳಿಜಾರಿನ ದಾರಿಯನ್ನು ತೋರಿಸುವ ಮುಳ್ಳನ್ನು ಆ ಫೋನು ತಪ್ಪಿಸಿರಬಹುದು ಎಂದು ತನಿಖೆಯವರು ಬರೆದರು, ತಪ್ಪಿಸಿತೆಂದೇ ಸಾಧಿಸಲಾಗಲಿಲ್ಲ. ಆ ‘ಬಹುದು’ ಎಂಬ ಒಂದು ಮಾತಿನ ಮೇಲೆಯೇ ಈ ನಿಯಮ ನಿಂತಿದೆ. ಹಗಲಿನಲ್ಲಿ, ತಿಳಿಯಾದ ಆಕಾಶದಲ್ಲಿ ಮುಳ್ಳು ಕೊಂಚ ಅಲುಗಿದರೆ ಪೈಲಟ್ ಕಣ್ಣಿನಿಂದಲೇ ಸರಿಪಡಿಸಿಕೊಂಡಾನು. ಮಂಜಿನಲ್ಲಿ ಅವನಿಗಿರುವ ಕಣ್ಣು ಆ ಮುಳ್ಳೊಂದೇ.

ಹಾಗೆಂದ ಮಾತ್ರಕ್ಕೆ ಒಂದು ಫೋನು ಮರೆತರೆ ವಿಮಾನ ಬೀಳುತ್ತದೆಂಬ ಪಕ್ಷವೂ ಗೆಲ್ಲುವುದಿಲ್ಲ. ದೊಡ್ಡ ವಿಮಾನಗಳ ತಂತಿಗಳಿಗೂ ಯಂತ್ರಗಳಿಗೂ ಹೊರಗಿನ ಅಲೆ ತಾಗದಂತೆ ರಕ್ಷಣೆಯಿರುತ್ತದೆ. ಇದನ್ನು ಪರೀಕ್ಷಿಸಿ ನೋಡಿದ ಮೇಲೆಯೇ ಅಮೆರಿಕದ ಇಲಾಖೆ 2013ರ ಅಕ್ಟೋಬರಿನಲ್ಲಿ, ಫ್ಲೈಟ್ ಮೋಡಿನಲ್ಲಿರುವ ಉಪಕರಣಗಳನ್ನು ಏರುವಾಗಲೂ ಇಳಿಯುವಾಗಲೂ ಬಳಸಲು ಒಪ್ಪಿಗೆ ನೀಡಿತು. 2014ರಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ ಇದೇ ದಾರಿಯನ್ನು ಹಿಡಿಯಿತು. ಆದರೆ ಪರೀಕ್ಷೆಯ ಫಲ ಯಾವಾಗಲೂ ಸಮಾಧಾನಕರವಾಗಿರುವುದಿಲ್ಲ. ಅದೇ 2014ರಲ್ಲಿ, ಕೆಲವು ಬೋಯಿಂಗ್ 737 ಮತ್ತು 777 ವಿಮಾನಗಳಲ್ಲಿ ಪೈಲಟನ ಎದುರಿನ ಪರದೆಗಳು ವೈಫೈ ಅಲೆ ತಾಗಿದರೆ ಬರಿದಾಗಬಹುದೆಂದು ಕಂಡುಬಂದು, ಅವನ್ನು ಬದಲಾಯಿಸಬೇಕೆಂದು ಅಮೆರಿಕದಲ್ಲಿ ಆಜ್ಞೆಯಾಯಿತು. ಇದರಿಂದ ತಿಳಿಯುವುದೇನೆಂದರೆ, ಇಲ್ಲಿ ಸಡಿಲಿಕೆಯೂ ಬಿಗಿಯೂ ಪರೀಕ್ಷೆಯಿಂದ ಬಂದವೇ ಹೊರತು ಯಾರದೋ ಮರ್ಜಿಯಿಂದ ಬಂದವಲ್ಲ.

ಇಷ್ಟೆಲ್ಲ ರಕ್ಷಣೆಯಿರುವಾಗ ಫ್ಲೈಟ್ ಮೋಡ್ ಏಕೆ ಬೇಕು? ಅದಕ್ಕೆ ನೆಲದ ಕಡೆಯ ಕಾರಣವೊಂದುಂಟು. ನೆಲದ ಮೇಲಿರುವ ಫೋನಿಗೆ ಹತ್ತಿರದ ಕೆಲವೇ ಟವರುಗಳು ಕಾಣುತ್ತವೆ. ಆಕಾಶದಲ್ಲಿರುವ ಫೋನಿಗೆ ಒಂದೇ ವೇಳೆಗೆ ಬಹಳಷ್ಟು ಟವರುಗಳು ಕಾಣುತ್ತವೆ. ವಿಮಾನದ ವೇಗದಿಂದಾಗಿ ಅದು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಲೇ ಇರುತ್ತದೆ. ಕೆಳಗಿನವರ ಮಾತಿಗೆ ಇದರಿಂದ ಅಡ್ಡಿಯಾಗುತ್ತದೆಂದು ಅಮೆರಿಕದ ಸಂಪರ್ಕ ಇಲಾಖೆ 1991ರಲ್ಲಿಯೇ ಆಕಾಶದಿಂದ ಮೊಬೈಲ್ ಕರೆ ಮಾಡುವುದನ್ನು ನಿಷೇಧಿಸಿತ್ತು. ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾದುದು: ವಿಮಾನದೊಳಗೇ ಒಂದು ಪುಟ್ಟ ಟವರನ್ನು ಇಡುವುದು. ಟವರು ಪಕ್ಕದಲ್ಲಿಯೇ ಇರುವುದರಿಂದ ಫೋನು ಕೂಗಬೇಕಾಗಿಲ್ಲ. ಮಾತು ಅಲ್ಲಿಂದ ಉಪಗ್ರಹದ ಮೂಲಕ ಹೋಗುತ್ತದೆ. 2008ರ ಮಾರ್ಚಿನಲ್ಲಿ ಎಮಿರೇಟ್ಸ್ ಸಂಸ್ಥೆಯ ವಿಮಾನವೊಂದರಲ್ಲಿ ಹೀಗೆ ಕರೆ ಮಾಡುವ ಸೌಲಭ್ಯ ಆರಂಭವಾಯಿತು. ನಮ್ಮ ದೇಶದಲ್ಲಿ 2018ರ ನಿಯಮಾವಳಿ, ವಿಮಾನವು 3000 ಮೀಟರು ಎತ್ತರಕ್ಕೇರಿದ ಮೇಲೆ ಇಂಥ ಸೇವೆಗೆ ಅವಕಾಶ ನೀಡಿತು. ಸೇವೆಯಿರುವ ವಿಮಾನದಲ್ಲಿ ಅದನ್ನು ಬಳಸಲು ಅಡ್ಡಿಯಿಲ್ಲ. ಇಲ್ಲದ ವಿಮಾನದಲ್ಲಿ ಫೋನು ಸುಮ್ಮನಿರಬೇಕು.

ಆದರೆ ವಾಚಕರಲ್ಲಿ ನಾನು ಮುಖ್ಯವಾಗಿ ಅರಿಕೆ ಮಾಡಬೇಕೆಂದಿರುವ ವಿಷಯ ಇನ್ನು ಬರುತ್ತದೆ. ನಾವು ಅಲೆಯ ಬಗ್ಗೆ ವಾದಿಸುತ್ತ ಕುಳಿತಿರುವಾಗ, ಅದಕ್ಕಿಂತ ದೊಡ್ಡ ಅಪಾಯ ಅದೇ ಫೋನಿನ ಹೊಟ್ಟೆಯಲ್ಲಿ ಕುಳಿತಿದೆ. ಅದೇ ಲಿಥಿಯಂ ಬ್ಯಾಟರಿ. ಕಡಮೆ ತೂಕದಲ್ಲಿ ಹೆಚ್ಚು ಶಕ್ತಿಯನ್ನು ಹಿಡಿದಿಡುವುದು ಅದರ ಗುಣ. ಆ ಗುಣವೇ ಅದರ ದೋಷವೂ ಹೌದು. ಬ್ಯಾಟರಿಯ ಎರಡು ಧ್ರುವಗಳ ನಡುವೆ ಒಂದು ತೆಳುವಾದ ಪೊರೆಯಿರುತ್ತದೆ, ಸುತ್ತಲೂ ಹೊತ್ತಿಕೊಳ್ಳಬಲ್ಲ ದ್ರವವಿರುತ್ತದೆ. ಜಜ್ಜಿದ್ದರಿಂದಲೋ ತಯಾರಿಕೆಯ ದೋಷದಿಂದಲೋ ಆ ಪೊರೆ ಹರಿದರೆ ಒಳಗೆ ಕಾವು ಹುಟ್ಟುತ್ತದೆ. ಆ ಕಾವು ಇನ್ನಷ್ಟು ಕಾವನ್ನು ಹುಟ್ಟಿಸುತ್ತದೆ. ಬಣವೆಗೆ ಬಿದ್ದ ಕಿಡಿಯಂತೆ, ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಹಬ್ಬುತ್ತಾ ಹೋಗುತ್ತದೆ.

ಇದರ ಫಲ ಎಂಥದೆಂಬುದಕ್ಕೆ ಎರಡು ನಿದರ್ಶನ ಸಾಕು. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಸರಕು ವಿಮಾನವೊಂದರಲ್ಲಿ, ಲಿಥಿಯಂ ಬ್ಯಾಟರಿಗಳಿದ್ದ ಸಾಮಾನಿಗೆ ಬೆಂಕಿ ತಗಲಿತು. ಹೊಗೆ ಮುಸುಕಿ ಪೈಲಟರಿಗೆ ಎದುರಿನ ಯಂತ್ರಗಳೇ ಕಾಣದಾದವು. ಬೆಂಕಿಯ ಗಂಟೆ ಬಾರಿಸಿದ ಅರ್ಧ ಗಂಟೆಯೊಳಗೆ ವಿಮಾನ ನೆಲಕ್ಕಪ್ಪಳಿಸಿ ಅದರಲ್ಲಿದ್ದ ಇಬ್ಬರೂ ಸತ್ತರು. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನಿನಲ್ಲಿ, ಹಾರಲು ಕಾದು ನಿಂತಿದ್ದ ವಿಮಾನವೊಂದರ ತಲೆಯ ಮೇಲಿನ ಸಾಮಾನಿನ ಗೂಡಿನಲ್ಲಿ ಬೆಂಕಿ ಕಾಣಿಸಿತು. ಒಳಗಿದ್ದ 176 ಮಂದಿಯೂ ಹೊರಬಂದು ಬದುಕಿದರು. ವಿಮಾನದ ಮಾಡು ಸುಟ್ಟುಹೋಯಿತು. ಪವರ್ ಬ್ಯಾಂಕೊಂದರ ಒಳಗಿನ ನಿರೋಧಕ ಕೆಟ್ಟದ್ದೇ ಕಾರಣವಾಗಿರಬೇಕೆಂದು ಅಲ್ಲಿನ ಸರ್ಕಾರ ತಿಳಿಸಿತು. ಅದು ನೆಲದ ಮೇಲೆ ಆದದ್ದು ಪುಣ್ಯ. ಇನ್ನೊಂದು ಗಂಟೆ ಕಳೆದು ಸಮುದ್ರದ ಮೇಲೆ ಆಗಿದ್ದರೆ?

ಈಗ ನಿಯಮಗಳ ಅರ್ಥ ತಾನಾಗಿಯೇ ತಿಳಿಯುತ್ತದೆ. ಪವರ್ ಬ್ಯಾಂಕನ್ನೂ ಬಿಡಿ ಬ್ಯಾಟರಿಯನ್ನೂ ಕೌಂಟರಿನಲ್ಲಿ ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡಬಾರದು, ಕೈಚೀಲದಲ್ಲಿಯೇ ಒಯ್ಯಬೇಕು ಎನ್ನುತ್ತಾರೆ. ಅಪಾಯದ ವಸ್ತುವನ್ನು ಜನರ ನಡುವೆ ಇಡುವುದು ಮೇಲುನೋಟಕ್ಕೆ ವಿಪರೀತವಾಗಿ ಕಾಣುತ್ತದೆ. ಆದರೆ ವಿಮಾನದ ಹೊಟ್ಟೆಯಲ್ಲಿ ಹೊಗೆಯೆದ್ದರೆ ಅಲ್ಲಿಗೆ ಯಾರೂ ಇಳಿದು ಹೋಗಲಾರರು. ಅಲ್ಲಿ ಬಿಡುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅಡಗಿಸೀತೇ ಹೊರತು ಬ್ಯಾಟರಿಯ ಒಳಗಾವನ್ನು ತಣಿಸಲಾರದು. ಮನುಷ್ಯರ ನಡುವೆಯಾದರೆ ಯಾರಾದರೂ ಕೂಡಲೇ ಕಾಣುತ್ತಾರೆ, ನೀರು ಸುರಿಯುತ್ತಾರೆ. 2025ರಲ್ಲಿ ದಕ್ಷಿಣ ಕೊರಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪವರ್ ಬ್ಯಾಂಕನ್ನು ತಲೆಯ ಮೇಲಿನ ಗೂಡಿನಲ್ಲಿಯೂ ಇಡಬಾರದೆಂದಿತು. ಕಾರಣ ಅದೇ: ಕಣ್ಣಿಗೆ ಬೀಳುವಲ್ಲಿ ಇರಲಿ.

ಎಷ್ಟು ದೊಡ್ಡ ಬ್ಯಾಟರಿಯನ್ನು ಒಯ್ಯಬಹುದೆಂಬುದಕ್ಕೂ ಲೆಕ್ಕವುಂಟು. 100 ವಾಟ್-ಗಂಟೆಯವರೆಗಿನದಕ್ಕೆ ಸಾಮಾನ್ಯವಾಗಿ ವಿಶೇಷ ಅಪ್ಪಣೆ ಬೇಡ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಅಪ್ಪಣೆ ಬೇಕು. ಅದಕ್ಕೂ ಮೇಲೆ ಪ್ರಯಾಣಿಕರು ಒಯ್ಯುವಂತಿಲ್ಲ. ಪವರ್ ಬ್ಯಾಂಕಿನ ಮೇಲೆ ಬರೆದಿರುವುದು ಮಿಲಿಆಂಪಿಯರ್-ಗಂಟೆಯಲ್ಲಿ. ಅದನ್ನು 1000ದಿಂದ ಭಾಗಿಸಿ, ಕೋಶದ ವೋಲ್ಟೇಜು 3.7ರಿಂದ ಗುಣಿಸಿದರೆ ವಾಟ್-ಗಂಟೆ ದೊರೆಯುತ್ತದೆ. 10,000 ಎಂದು ಬರೆದಿದ್ದರೆ 37 ವಾಟ್-ಗಂಟೆ. 20,000 ಎಂದಿದ್ದರೆ 74. 30,000 ಎಂದಿದ್ದರೆ 111. ಈ ಕೊನೆಯದಕ್ಕೆ ಅಪ್ಪಣೆ ಬೇಕು. ನಮ್ಮಂಥ ಕಲಾ ವಿದ್ಯಾರ್ಥಿಗಳಿಗೂ ಎಟುಕುವ ಗಣಿತವಿದು.

ಇನ್ನು ವಿಮಾನದೊಳಗೆ ಕುಳಿತ ಮೇಲೆ ನೆನಪಿಡಬೇಕಾದವು ಕೆಲವುಂಟು. ಫೋನು ಆಸನದ ಸಂದಿಗೆ ಬಿದ್ದರೆ ಆಸನವನ್ನು ಹಿಂದೆ ಮುಂದೆ ಸರಿಸಬಾರದು. ಅದರ ಕೀಲುಗಳ ನಡುವೆ ಸಿಕ್ಕಿ ಫೋನು ಜಜ್ಜಿಹೋಗಿ ಹೊಗೆಯೆದ್ದ ಪ್ರಸಂಗಗಳಿವೆ. ಸಿಬ್ಬಂದಿಯನ್ನು ಕರೆಯುವುದೇ ಸರಿಯಾದ ಕ್ರಮ. ಫೋನು ಕೈ ಸುಡುವಷ್ಟು ಬಿಸಿಯಾದರೆ ಅಥವಾ ಬ್ಯಾಟರಿ ಉಬ್ಬಿದ್ದು ಕಂಡರೆ, ನಾಚಿಕೆಪಟ್ಟು ಚೀಲದೊಳಗೆ ಅಡಗಿಸದೆ ಆಗಲೇ ತಿಳಿಸಬೇಕು. ಬೆಂಕಿ ಕಂಡಾಗ ಅವರು ಮೊದಲು ಜ್ವಾಲೆಯನ್ನು ನಂದಿಸಿ, ಬಳಿಕ ನೀರು ಸುರಿದು ಬ್ಯಾಟರಿಯನ್ನು ತಣಿಸುತ್ತಾರೆ. ಕಾವು ಒಳಗಿರುವುದರಿಂದ ಜ್ವಾಲೆ ಆರಿದರೂ ನೀರು ಬೇಕೇ ಬೇಕು. ಉಬ್ಬಿದ ಹಾಗೂ ಒಡೆದ ಬ್ಯಾಟರಿಗಳನ್ನು ಮನೆಯಿಂದ ತರಲೇಬಾರದು. ಬಿಡಿ ಬ್ಯಾಟರಿಯನ್ನು ಬೀಗದ ಕೈ, ಚಿಲ್ಲರೆ ಕಾಸುಗಳ ಜೊತೆ ಹಾಕಬಾರದು. ಲೋಹ ತಾಗಿ ಎರಡು ತುದಿಗಳೂ ಕೂಡಿಕೊಂಡರೆ ಕೆಲಸ ಕೆಟ್ಟಿತು.

ಏರುವಾಗ, ಇಳಿಯುವಾಗ ಲ್ಯಾಪ್‌ಟಾಪನ್ನು ಒಳಗಿಡಬೇಕೆನ್ನುವುದಕ್ಕೆ ಅಲೆಯೂ ಕಾರಣವಲ್ಲ, ಬೆಂಕಿಯೂ ಅಲ್ಲ. ವಿಮಾನ ಥಟ್ಟನೆ ನಿಂತರೆ ಎರಡು ಕಿಲೋಗ್ರಾಂ ತೂಕದ ವಸ್ತು ಕವಣೆಯ ಕಲ್ಲಿನಂತೆ ಹಾರುತ್ತದೆ. ಕಿವಿಗೆ ಹಾಡಿನ ತಂತಿ ಸಿಕ್ಕಿಸಿಕೊಂಡವನಿಗೆ ‘ಹೊರಗೆ ಓಡಿ’ ಎಂಬ ಕೂಗು ಕೇಳಿಸುವುದಿಲ್ಲ. ಅಂಥ ಸಮಯದಲ್ಲಿ ನಿಮಿಷಕ್ಕಲ್ಲ, ಸೆಕೆಂಡಿಗೆ ಬೆಲೆ.

ಒಟ್ಟಿನಲ್ಲಿ ಹೇಳುವುದಾದರೆ, 1961ರಿಂದ ಈಚೆಗೆ ಅಲೆಯ ನಿಯಮ ಪರೀಕ್ಷೆಗಳಿಂದ ಸಡಿಲವಾಗುತ್ತ ಬಂದಿದೆ. ಬ್ಯಾಟರಿಯ ನಿಯಮ ಅನುಭವದಿಂದ ಬಿಗಿಯಾಗುತ್ತ ಬಂದಿದೆ. ಹೀಗೆ ಬದಲಾಗುವುದೇ ವಿವೇಕದ ನಿಯಮದ ಲಕ್ಷಣ. ಅದನ್ನು ಕುರುಡಾಗಿ ನಂಬಬೇಕಾಗಿಲ್ಲ, ಕುರುಡಾಗಿ ಮೀರಲೂಬಾರದು. ಓದುಬರಹ ಬಲ್ಲ ನಮ್ಮ ಮೇಲೆ ಒಂದು ಹೊಣೆಯೂ ಇದೆ. ಕೆಲಸಕ್ಕೆಂದು ಪರದೇಶಕ್ಕೆ ಹೊರಟ ಅಣ್ಣನೋ, ಮಗಳ ಬಾಣಂತನಕ್ಕೆಂದು ಮೊದಲ ಸಲ ವಿಮಾನ ಹತ್ತುವ ದೊಡ್ಡಮ್ಮನೋ ಪೆಟ್ಟಿಗೆ ಕಟ್ಟುವಾಗ ಪಕ್ಕದಲ್ಲಿ ಕುಳಿತು, ಪವರ್ ಬ್ಯಾಂಕು ಯಾವುದರಲ್ಲಿದೆಯೆಂದು ನೋಡಿ, ಕೈಚೀಲಕ್ಕೆ ಹಾಕಿಸಿ, ಏಕೆಂದು ಎರಡು ಮಾತಿನಲ್ಲಿ ತಿಳಿಸಿದರೆ ಸಾಕು. ಆ ಎರಡು ಮಾತು ಅವರೊಬ್ಬರ ಪ್ರಾಣವನ್ನಲ್ಲ, ಆ ವಿಮಾನದಲ್ಲಿ ಕುಳಿತ ಎಲ್ಲರ ಪ್ರಾಣವನ್ನೂ ಕಾದಂತೆ.